1956: ಇಬ್ಬರು ಪ್ರಧಾನಿಗಳು ಮಣಿದರು, ಯಾರಿಗೆ?

ಕಲಬುರಗಿ, ಬೀದರ್ ಕಡೆ ಮುತ್ಯಾನ ಕಾಲದ ಹೊಲದ ಕಾಗದ ತೆಗೆದು ನೋಡಿ, ಎಷ್ಟೋ ಕಾಗದಗಳು ಉರ್ದುವಿನಲ್ಲಿವೆ. ಅಲ್ಲಿ ಆಗ ನಿಜಾಮರ ಆಳ್ವಿಕೆ. ಹೊಲ ಉಳುವವನ ಮಾತು ಕನ್ನಡ, ದಫ್ತರದ ಭಾಷೆ ಬೇರೆ. ತನ್ನ ಹೊಲದ ಲೆಕ್ಕ ತಿಳಿಯಲೂ ಅವನು ಓದು ಬಂದ ಇನ್ನೊಬ್ಬರನ್ನು ಕೇಳಬೇಕಿತ್ತು. ಭಾಷೆಯ ಜಗಳದ ಬೇರು ಇಲ್ಲೇ ಇದೆ. ಸರ್ಕಾರದ ಕಾಗದ ಯಾರಿಗೆ ಓದಲು ಬರುತ್ತದೆ, ಯಾರಿಗೆ ಬರುವುದಿಲ್ಲ?

1956ರಲ್ಲಿ ಈ ಪ್ರಶ್ನೆಗೆ ಭಾರತ ಒಂದು ಉತ್ತರ ಕೊಟ್ಟಿತು. ಪಕ್ಕದ ಸಿಲೋನ್, ಅಂದರೆ ಇಂದಿನ ಶ್ರೀಲಂಕಾ, ಬೇರೆಯದೇ ಉತ್ತರ ಕೊಟ್ಟಿತು.

ನೆಹರೂ ಅವರಿಗೆ ಭಾಷಾವಾರು ರಾಜ್ಯಗಳು ಇಷ್ಟವಿರಲಿಲ್ಲ. ದೇಶ ವಿಭಜನೆಯ ಗಾಯ ಇನ್ನೂ ಹಸಿಯಾಗಿತ್ತು. ಭಾಷೆಯ ಹೆಸರಲ್ಲಿ ಮತ್ತೆ ಒಡೆದರೆ ಎಂಬ ಭಯ. 1949ರಲ್ಲಿ ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಅವರ ಸಮಿತಿಯೂ ಅವಸರ ಬೇಡ ಎಂದಿತು. ಆದರೆ 1952ರ ಡಿಸೆಂಬರ್ 15ರಂದು, ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು ಮದ್ರಾಸಿನಲ್ಲಿ ತೀರಿಕೊಂಡರು. ಜನ ಬೀದಿಗಿಳಿದರು. ನಾಲ್ಕೇ ದಿನದಲ್ಲಿ ನೆಹರೂ ಆಂಧ್ರಕ್ಕೆ ಒಪ್ಪಿದರು. ಮರುವರ್ಷ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೂತರು. ಹುಬ್ಬಳ್ಳಿ ಹೊತ್ತಿ ಉರಿಯಿತು. ಅದೇ ವರ್ಷದ ಕೊನೆಗೆ ಫಜಲ್ ಅಲಿ ಆಯೋಗ ಬಂತು. 1956ರ ನವೆಂಬರ್ 1ರಂದು ಚದುರಿದ್ದ ಕನ್ನಡ ನಾಡು ಒಂದಾಯಿತು. ಬೆಳಗಾವಿ, ಕಾಸರಗೋಡಿನ ತಕರಾರು ಉಳಿದವು. ಆದರೆ ನೆಹರೂ ಹೆದರಿದಂತೆ ದೇಶ ಒಡೆಯಲಿಲ್ಲ.

ಅದೇ ವರ್ಷ ಸಿಲೋನಿನಲ್ಲಿ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ ಚುನಾವಣೆ ಗೆದ್ದರು. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷಿನಲ್ಲೇ ಓದಿದವರು. ಆದರೂ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಮಾತು ಕೊಟ್ಟು ಗೆದ್ದಿದ್ದರು. ಜುಲೈನಲ್ಲೇ ಕಾನೂನು ಬಂತು. ಇಂಗ್ಲಿಷ್ ಅರಿಯದ ಸಿಂಹಳ ರೈತನಿಗೆ ಅದು ನ್ಯಾಯವಾಗಿಯೇ ಕಂಡಿತು. ಆದರೆ ತಮಿಳರ ಭಾಷೆಗೆ ಅದರಲ್ಲಿ ಜಾಗವೇ ಇರಲಿಲ್ಲ.

ತಪ್ಪು ಬಂಡಾರನಾಯಕೆ ಅವರಿಗೂ ಹೊಳೆದಿರಬೇಕು. 1957ರ ಜುಲೈನಲ್ಲಿ ತಮಿಳು ನಾಯಕ ಚೆಲ್ವನಾಯಕಂ ಜತೆ ಒಪ್ಪಂದ ಮಾಡಿಕೊಂಡರು. ತಮಿಳರ ಪ್ರದೇಶದಲ್ಲಿ ತಮಿಳಿನಲ್ಲಿ ಆಡಳಿತ, ಸ್ಥಳೀಯ ಮಂಡಳಿಗಳಿಗೆ ಅಧಿಕಾರ ಎಂದು ಬರೆದುಕೊಂಡರು. ವಿರೋಧ ಪಕ್ಷದವರು ಪಾದಯಾತ್ರೆ ಹೊರಟರು. 1958ರ ಏಪ್ರಿಲ್‌ನಲ್ಲಿ ಬೌದ್ಧ ಭಿಕ್ಕುಗಳು ಪ್ರಧಾನಿಯ ಮನೆ ಮುಂದೆ ಧರಣಿ ಕೂತರು. ಪ್ರಧಾನಿ ಅಂದೇ ಒಪ್ಪಂದ ಕೈಬಿಟ್ಟರು. ಮುಂದಿನ ತಿಂಗಳೇ ಗಲಭೆ, ಹೆಣಗಳು. 1959ರಲ್ಲಿ ಒಬ್ಬ ಭಿಕ್ಕುವಿನ ಗುಂಡಿಗೆ ಬಂಡಾರನಾಯಕೆ ಬಲಿಯಾದರು. 1983ರಿಂದ 2009ರವರೆಗೆ ಆ ದ್ವೀಪ ಯುದ್ಧದಲ್ಲಿ ಬೆಂದಿತು. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಬಿರುಕು ದೊಡ್ಡದಾದದ್ದು ಆ ಕಾನೂನಿನಿಂದ.

ಇಬ್ಬರು ಪ್ರಧಾನಿಗಳೂ ಒತ್ತಡಕ್ಕೆ ಮಣಿದವರೇ. ನೆಹರೂ ಮಣಿದದ್ದು ತಮ್ಮ ಪಾಲು ಕೊಡಿ ಎಂದವರಿಗೆ. ಬಂಡಾರನಾಯಕೆ ಮಣಿದದ್ದು ಇನ್ನೊಬ್ಬರಿಗೆ ಪಾಲು ಕೊಡಬೇಡಿ ಎಂದವರಿಗೆ.

ಇಂದು ನಮ್ಮ ರಾಜ್ಯದಲ್ಲಿ ಕನ್ನಡವೇ ದೊಡ್ಡಣ್ಣ. ತುಳು, ಕೊಡವ, ಲಂಬಾಣಿ, ಉರ್ದು, ಮರಾಠಿ ಮಾತಾಡುವವರೂ ಇದೇ ಮನೆಯವರು. ತಾಂಡಾದ ಅಜ್ಜಿಯೊಬ್ಬಳು ಅರ್ಜಿ ಹಿಡಿದು, ಕೌಂಟರಿನಲ್ಲಿ ಹೇಳಿದ್ದು ತಿಳಿಯದೆ ನಿಂತಾಗ, ಮುತ್ಯಾನ ಉರ್ದು ಕಾಗದ ಒಮ್ಮೆ ನೆನಪಾಗಲಿ.