ತಾಮ್ರದ ಕೊಡದಿಂದ ಬೇಲದ ಎಲೆಯವರೆಗೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲಿಗೊಂದು ತಾಮ್ರದ ಹಂಡೆ, ಕುಡಿಯುವ ನೀರಿಗೊಂದು ತಾಮ್ರದ ಕೊಡ ಇರುತ್ತಿದ್ದವು. ರಾತ್ರಿ ತುಂಬಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವುದು ವಾಡಿಕೆ. ವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ ನಾನು ಇದನ್ನು ಹಿರಿಯರ ನಂಬಿಕೆಯೆಂದು ನಕ್ಕು ಬಿಟ್ಟಿದ್ದೆ. ಆ ನಗು ಅವಸರದ್ದಾಗಿತ್ತು.

ಲೋಹಕ್ಕೂ ಸೂಕ್ಷ್ಮಜೀವಿಗೂ ಇರುವ ವೈರ ವಿಜ್ಞಾನಕ್ಕೆ ಹೊಸದಲ್ಲ. 1880ರ ದಶಕದಲ್ಲಿ ಫ್ರಾನ್ಸಿನ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣದಿಂದ ದ್ರಾಕ್ಷಿಯ ರೋಗವನ್ನು ತಡೆದರು. 1893ರಲ್ಲಿ ಪ್ರಕಟವಾದ ಸ್ವಿಸ್ ವಿಜ್ಞಾನಿ ನೇಗೆಲಿಯವರ ಬರಹ, ನೀರಿನಲ್ಲಿ ಕರಗಿದ ಅತ್ಯಲ್ಪ ತಾಮ್ರವೂ ಪಾಚಿಯನ್ನು ಕೊಲ್ಲಬಲ್ಲದೆಂದು ತಿಳಿಸಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದೇ ಬೋರ್ಡೊ ದ್ರಾವಣವನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬಳಸಿದರು. ಮಳೆಗಾಲಕ್ಕೆ ಮುನ್ನ ಗೊನೆಗಳಿಗೆ ಔಷಧಿ ಹೊಡೆಯುವ ಪದ್ಧತಿ ಇಂದಿಗೂ ಉಳಿದಿದೆ.

ಕೊಡದ ನೀರಿನ ಪರೀಕ್ಷೆಯೂ ನಮ್ಮ ರಾಜ್ಯದಲ್ಲೇ ನಡೆಯಿತು. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲರಾ, ಆಮಶಂಕೆ, ವಿಷಮಶೀತ ಜ್ವರದ ಬ್ಯಾಕ್ಟೀರಿಯಾಗಳನ್ನು ನೀರಿಗೆ ಬೆರೆಸಿ ತಾಮ್ರದ ಪಾತ್ರೆಯಲ್ಲಿಟ್ಟರು. 16 ಗಂಟೆಗಳ ಬಳಿಕ ಅವುಗಳನ್ನು ಮತ್ತೆ ಬೆಳೆಸಲಾಗಲಿಲ್ಲ. ನೀರಿಗಿಳಿದ ತಾಮ್ರವಾದರೋ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಬಹಳ ಕಡಿಮೆಯಿತ್ತು.

ಇದೇ ಕಥೆಯ ಮುಂದಿನ ಅಧ್ಯಾಯ ಲೋಹದ ಆಕ್ಸೈಡುಗಳದು. 1985ರಲ್ಲಿ ಜಪಾನಿನ ಮಾತ್ಸುನಾಗ ಮತ್ತು ಸಂಗಡಿಗರು, ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ಸೂಕ್ಷ್ಮಜೀವಿಗಳನ್ನು ಕೊಲ್ಲುವುದನ್ನು ತೋರಿಸಿದರು. ಮುಲಾಮಿನಲ್ಲಿ ಬಳಸುವ ಸತುವಿನ ಆಕ್ಸೈಡಿಗೂ ಈ ಗುಣವಿದೆ. ಅದನ್ನು ನ್ಯಾನೊ ಗಾತ್ರಕ್ಕೆ, ಅಂದರೆ ಮೀಟರಿನ 100 ಕೋಟಿಯಲ್ಲೊಂದು ಪಾಲಿನ ಅಳತೆಗೆ, ಇಳಿಸಿದರೆ ಅಷ್ಟೇ ತೂಕದ ಪುಡಿಯ ಮೇಲ್ಮೈ ಅಪಾರವಾಗಿ ಹಿಗ್ಗುತ್ತದೆ. ಕಣಗಳು ಬ್ಯಾಕ್ಟೀರಿಯಾದ ಪೊರೆಗೆ ತಾಗಿ ಅದನ್ನು ಕೆಡಿಸುತ್ತವೆ, ಲೋಹದ ಅಯಾನುಗಳನ್ನು ಬಿಡುತ್ತವೆ, ಉಗ್ರ ಆಮ್ಲಜನಕ ರೂಪಗಳನ್ನು ಹುಟ್ಟಿಸುತ್ತವೆ. ಏಕಕಾಲಕ್ಕೆ ಹಲವು ಕಡೆಯಿಂದ ಏಟು!

1997ರವರೆಗೆ ನಮ್ಮ ಜಿಲ್ಲಾ ಕೇಂದ್ರವಾಗಿದ್ದ ಧಾರವಾಡ ಇಲ್ಲಿ ಮತ್ತೆ ನೆನಪಾಗುತ್ತದೆ. ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಪಾಟೀಲ ಮತ್ತು ತಾರಾನಾಥ ಅವರು ಬೇಲದ ಎಲೆಯ ರಸದಿಂದ ಸತುವಿನ ಆಕ್ಸೈಡಿನ ನ್ಯಾನೊ ಕಣಗಳನ್ನು ತಯಾರಿಸಿ, 2016ರಲ್ಲಿ ವರದಿ ಮಾಡಿದರು. ಮಿಲಿಲೀಟರಿಗೆ 12.5 ಮೈಕ್ರೋಗ್ರಾಂ ಪ್ರಮಾಣದಲ್ಲಿ ಅವು ಕ್ಷಯದ ರೋಗಾಣುವಿನ ಬೆಳವಣಿಗೆಯನ್ನು ತಡೆದವು. ಔಷಧಿಗಳಿಗೆ ಜಗ್ಗದ ಕ್ಷಯ ಕಾಡುತ್ತಿರುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಪ್ರಯೋಗಶಾಲೆಯ ಗೆಲುವು ಆಸ್ಪತ್ರೆಯ ಗೆಲುವಲ್ಲ. ರೋಗಾಣುವನ್ನು ಕೊಲ್ಲುವ ಕಣ ನಮ್ಮ ಜೀವಕೋಶವನ್ನೂ ನೋಯಿಸಬಹುದು. ಹೊಲ ಸೇರಿದರೆ ಮಣ್ಣಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಬಿಡದು. ಬೇಲದ ಎಲೆಯ ಕಷಾಯ ಕ್ಷಯಕ್ಕೆ ಮದ್ದೆಂದು ಯಾರೂ ತಿಳಿಯಬಾರದು. ವೈದ್ಯರು ಕೊಟ್ಟ ಗುಳಿಗೆಯನ್ನು ನಡುವೆ ಬಿಡಲೂಬಾರದು.

ನಮ್ಮ ಅಜ್ಜಿಯರು ತಾಮ್ರದಲ್ಲಿ ನೀರಿಟ್ಟರು. ಮಜ್ಜಿಗೆ, ಹುಣಸೆಹುಳಿ ಇಡಲಿಲ್ಲ. ಹುಳಿ ತಾಮ್ರವನ್ನು ಕರಗಿಸುತ್ತದೆಂಬುದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು. ಲೋಹದ ಶಕ್ತಿಯೊಡನೆ ಅದರ ಮಿತಿಯನ್ನೂ ಅರಿತ ಆ ಎಚ್ಚರ ನ್ಯಾನೊ ಕಣಗಳ ಕಾಲಕ್ಕೂ ಬೇಕು.