ಚಾಪೆಯ ಕೆಳಗಿನ ಮುದ್ದೆ

ನಮ್ಮ ಮನೆಯಲ್ಲಿ ಒಂದು ಮಾತಿತ್ತು. ಮಕ್ಕಳು ಯಾರಾದರೂ ತಿಂಡಿಯನ್ನೋ ಚಿಲ್ಲರೆ ಕಾಸನ್ನೋ ಬಚ್ಚಿಟ್ಟು ಸಿಕ್ಕಿಬಿದ್ದರೆ ಅಜ್ಜಿ ಬೈಯುತ್ತಿರಲಿಲ್ಲ. "ಏನೇ, ಚಾಪೆ ಕೆಳಗೆ ಮುದ್ದೆ ಇಟ್ಟಿದ್ದೀಯಾ?" ಎಂದು ಕೇಳಿ ನಗುತ್ತಿದ್ದಳು. ಬೈಸಿಕೊಂಡಿದ್ದರೆ ಒಂದು ಗಳಿಗೆ ಅತ್ತು ಮರೆಯಬಹುದಿತ್ತು. ಈ ಮಾತಿಗೆ ಮಾತ್ರ ಕಿವಿಯ ತುದಿಯವರೆಗೆ ನಾಚಿಕೆ ಏರುತ್ತಿತ್ತು. ಮುದ್ದೆಯನ್ನು ಯಾರಾದರೂ ಚಾಪೆಯ ಕೆಳಗೆ ಏಕಿಡುತ್ತಾರೆ ಎಂದು ಕೇಳುವ ಬುದ್ಧಿ ನನಗೆ ಬಂದದ್ದು ಹತ್ತು ವರ್ಷವಾದ ಮೇಲೆ.

ಇಟ್ಟವಳು ಅಜ್ಜಿಯ ತಾಯಿ. ಆಗ ಅವಳಿಗೆ ಏಳು ವರ್ಷವಿದ್ದೀತು. ವರ್ಷ 1877.

ಆ ಬರವನ್ನು ನಮ್ಮ ಕಡೆ ಹಿರಿಯರು ಇಸವಿಯಿಂದ ಗುರುತಿಸುತ್ತಿರಲಿಲ್ಲ. ಧಾತು ಈಶ್ವರ ಬರ ಎನ್ನುತ್ತಿದ್ದರು. ಧಾತು ಸಂವತ್ಸರ 1876ರ ಯುಗಾದಿಗೆ ಹುಟ್ಟಿತು, ಈಶ್ವರ 1877ರ ಯುಗಾದಿಗೆ. ಎರಡೂ ವರ್ಷ ಮಳೆ ಕೈಕೊಟ್ಟಿತು. ಮೈಸೂರು ಸಂಸ್ಥಾನ ಆಗ ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ ಎಣಿಸಿದಾಗ ಸಿಕ್ಕವರು 41,86,188. ಬರ ಬರದೇ ಇದ್ದಿದ್ದರೆ ಆ ಹತ್ತು ವರ್ಷಗಳಲ್ಲಿ ಸಂಖ್ಯೆ ಏರಬೇಕಿತ್ತು ಎನ್ನುವುದನ್ನು ನೆನೆದರೆ, ಹೋದವರ ಲೆಕ್ಕ ಈ ವ್ಯತ್ಯಾಸಕ್ಕಿಂತಲೂ ದೊಡ್ಡದು. 1881ರಲ್ಲಿ ಸಂಸ್ಥಾನ ಒಡೆಯರ ಕೈಗೆ ಮರಳಿದಾಗ ಅದರ ಜೊತೆಗೆ ಬಂದದ್ದು ಬರಗಾಲದ 80 ಲಕ್ಷ ರೂಪಾಯಿ ಸಾಲ.

ಕೋಲಾರದ ಸೀಮೆ ಕೆರೆಗಳ ಸೀಮೆ. ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ತುಂಬಿದರೆ ಊಟ, ಬಿರಿದರೆ ಉಪವಾಸ. ಹಾಗೆಂದು ಧಾನ್ಯವೇ ಇರಲಿಲ್ಲವೆಂದಲ್ಲ. ಮದ್ರಾಸಿನಿಂದ ಬೆಂಗಳೂರಿಗೆ ರೈಲು 1864ರಲ್ಲೇ ಬಂದಿತ್ತು. ಬಂಗಾರಪೇಟೆ, ಮಾಲೂರುಗಳ ಮೇಲೆಯೇ ಅದು ಹಾದುಹೋಗುತ್ತಿತ್ತು. ಮೂಟೆಗಳು ಬರುತ್ತಿದ್ದವು, ಆದರೆ ಕೊಳ್ಳುವ ಶಕ್ತಿ ಕೂಲಿಯವರಿಗೆ ಇರಲಿಲ್ಲ. ಅದೇ ವರ್ಷಗಳಲ್ಲಿ ಈ ದೇಶದ ರೇವುಗಳಿಂದ ಗೋಧಿ ಇಂಗ್ಲೆಂಡಿನ ಹಡಗು ಹತ್ತುತ್ತಿತ್ತು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ ಸಾಕೆಂದು ಗೊತ್ತುಮಾಡಿದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಕಲ್ಲು ಒಡೆಯುವವನಿಗೆ ಎಷ್ಟು ಮುದ್ದೆ ಬೇಕೆಂದು ಅಡಿಗೆ ಮಾಡುವ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಮುಳಬಾಗಿಲು ಕಡೆಯ ಹಳ್ಳಿಯೊಂದರಿಂದ ನನ್ನ ಮುತ್ತಜ್ಜಿ, ಅವಳ ತಾಯಿ, ಕೈಗೂಸು ತಮ್ಮ, ಮೂವರೂ ಕೋಲಾರಕ್ಕೆ ನಡೆದು ಬಂದರಂತೆ. ತಂದೆ ಮೊದಲೇ ಹೋಗಿದ್ದ. ದಾರಿಯಲ್ಲಿ ಕತ್ತಾಳೆಯ ಗೆಡ್ಡೆ ಬೇಯಿಸಿ ತಿಂದದ್ದು ಅವಳಿಗೆ ಕೊನೆಯವರೆಗೂ ನೆನಪಿತ್ತು. ಊರ ಹೊರಗಿನ ಒಂದು ಕೆರೆಯ ಏರಿಯ ಮೇಲೆ ತಮ್ಮ ಸತ್ತ. ತಾಯಿ ಅವಳನ್ನು ಒಂದು ಗೇಟಿನ ಮುಂದೆ ಕೂರಿಸಿ, "ಇಲ್ಲೇ ಇರು, ಬರ್ತೀನಿ" ಎಂದು ತೆಲುಗಿನಲ್ಲಿ ಹೇಳಿ ಹೋದವಳು ಬರಲಿಲ್ಲ.

ಆ ಗೇಟು ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಂಗಸಿನದು. ಊರವರ ಬಾಯಲ್ಲಿ ಬರೀ ದೊರಸಾನಿ. ಮೊದಲು ಬೆಂಗಳೂರಿನಲ್ಲಿ ಮಿಷನ್ ಕೆಲಸ ಮಾಡುತ್ತಿದ್ದವರು ಕೋಲಾರಕ್ಕೆ ಬಂದು, ಬರದಲ್ಲಿ ಅನಾಥರಾದ ಮಕ್ಕಳನ್ನು ಕೂಡಿಹಾಕಿಕೊಂಡರು. ಆ ಮನೆಗೆ ಇಂಗ್ಲಿಷಿನಲ್ಲಿ ಇದ್ದ ಹೆಸರನ್ನು ಕನ್ನಡಿಸಿದರೆ 'ನಂಬಿಕೆಯ ಅನಾಥಾಲಯ' ಎಂದಾಗುತ್ತದೆ. ನಂಬಿಕೆ ಎಂದರೆ ಇಲ್ಲಿ ಒಂದು ಖಚಿತವಾದ ಅರ್ಥ: ಹಿಂದೆ ಸಂಬಳ ಕೊಡುವ ಸಂಘವಿಲ್ಲ, ತಿಂಗಳಿಗಿಷ್ಟು ಎಂದು ಬರುವ ಹಣವಿಲ್ಲ. ಇಂದಿನದು ಇಂದು ಬರುತ್ತದೆ, ಕಳುಹಿಸುವವನು ದೇವರು, ಎಂದುಕೊಂಡು ನಡೆಸುವುದು.

ಈ ಪದ್ಧತಿಗೆ ಆ ಕಾಲದಲ್ಲಿ ಗುರು ಎನಿಸಿಕೊಂಡಿದ್ದವರು ಜಾರ್ಜ್ ಮುಲ್ಲರ್. ಜರ್ಮನಿಯಲ್ಲಿ 1805ರಲ್ಲಿ ಹುಟ್ಟಿ ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ನೆಲೆಸಿ ಐದು ದೊಡ್ಡ ಅನಾಥಾಲಯಗಳನ್ನು ಕಟ್ಟಿದವರು. ಅವರ ಜೀವಿತದಲ್ಲಿ ಹತ್ತು ಸಾವಿರ ಮಕ್ಕಳು ಅಲ್ಲಿ ಬೆಳೆದರು. ಯಾರ ಹತ್ತಿರವೂ ಹಣ ಬೇಡುವುದಿಲ್ಲ, ದೇವರಿಗೆ ಮಾತ್ರ ಹೇಳುತ್ತೇನೆ ಎಂಬುದು ಅವರ ವ್ರತ. 1883-84ರ ಭಾರತ ಪ್ರವಾಸದಲ್ಲಿ ಆ ಮುದುಕರು ನಮ್ಮ ಕೋಲಾರಕ್ಕೂ ಬಂದು ಮಿಸ್ ಆನ್‌ಸ್ಟಿಯ ಅನಾಥಾಲಯವನ್ನು ಕಂಡರು. ಆಗ ಅವರಿಗೆ ಎಪ್ಪತ್ತೆಂಟು. ಕನ್ನಡ ಬಾರದವರ ಮಾತನ್ನು ಯಾರೋ ತಿರುಗಿಸಿ ಹೇಳಿರಬೇಕು. ಹದಿಮೂರು ಹದಿನಾಲ್ಕರ ನನ್ನ ಮುತ್ತಜ್ಜಿ ಆ ಸಾಲಿನಲ್ಲಿ ಕೂತಿದ್ದಿರಬಹುದು. ಅವಳು ಉಳಿಸಿಹೋದ ಕಥೆಗಳಲ್ಲಿ ಅವರ ಸುದ್ದಿ ಮಾತ್ರ ಇಲ್ಲ.

ಅವಳ ಕಥೆಯೆಲ್ಲ ಗಂಟೆಯದು. ಊಟಕ್ಕೆ ಗಂಟೆ ಹೊಡೆಯುತ್ತಿದ್ದರು. ಬಂದ ಹೊಸದರಲ್ಲಿ ಪ್ರತಿ ಊಟದಲ್ಲೂ ಅರ್ಧ ಮುದ್ದೆ ತಿಂದು ಅರ್ಧವನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಹೋಗಿ ಮಲಗುವ ಚಾಪೆಯ ಕೆಳಗೆ ಇಡುತ್ತಿದ್ದಳು. ಅವಳೊಬ್ಬಳೇ ಅಲ್ಲ, ಮಕ್ಕಳೆಲ್ಲ ಇಡುತ್ತಿದ್ದರು. ಮುದ್ದೆ ಒಣಗಿ ಕಲ್ಲಾಗಿ ಇರುವೆ ಮುತ್ತುತ್ತಿತ್ತು. ಗುಡಿಸುವವಳು ತೆಗೆದೆಸೆದರೆ ಮತ್ತೆ ಇಡುವುದು. ದಿನಾ ಸಂಜೆ ಪ್ರಾರ್ಥನೆಯಲ್ಲಿ, ಅಂದಂದಿನ ರೊಟ್ಟಿಯನ್ನು ಕೊಡುವ ತಂದೆಗೆ ಕೈಮುಗಿದು ಕಣ್ಣುಮುಚ್ಚಿ ಎಲ್ಲರೂ ಹೇಳುತ್ತಿದ್ದರು. ಹೇಳಿ ಬಂದು ಚಾಪೆಯ ಕೆಳಗೆ ಕೈಯಾಡಿಸಿ ನೋಡುತ್ತಿದ್ದರು. ದೊರಸಾನಿ ಇದಕ್ಕೆ ಹೊಡೆಸಲಿಲ್ಲ, ಉಪದೇಶ ಮಾಡಲಿಲ್ಲ ಎಂದು ಮುತ್ತಜ್ಜಿ ಹೇಳುತ್ತಿದ್ದಳಂತೆ. ಗಂಟೆ ಮಾತ್ರ ತಪ್ಪಲಿಲ್ಲ. ಒಂದು ದಿನ, ಅದು ಯಾವ ದಿನವೆಂದು ಅವಳಿಗೇ ಗೊತ್ತಿಲ್ಲ, ಅವಳು ಇಡಲು ಮರೆತಳು. ಮಾರನೆಯ ದಿನ ಮರೆತದ್ದು ನೆನಪಾಯಿತು, ಹೆದರಿಕೆಯಾಗಲಿಲ್ಲ.

ಜ್ಞಾನೋಕ್ತಿಗಳ ಮೂರನೆಯ ಅಧ್ಯಾಯವನ್ನು ಸಂಡೇ ಸ್ಕೂಲಿನಲ್ಲಿ ನನಗೆ ಬಾಯಿಪಾಠ ಮಾಡಿಸಿದ್ದಾರೆ. ಸ್ವಂತ ಬುದ್ಧಿಯ ಮೇಲೆ ಒರಗಬೇಡ, ದೇವರ ಮೇಲೆ ಒರಗು ಎಂಬ ಅರ್ಥದ ಮಾತು ಅಲ್ಲಿದೆ. ಅದರ ಮೇಲೆ ಎಷ್ಟು ಪ್ರಸಂಗ ಕೇಳಿದ್ದೇನೋ. ಆದರೆ ಆ ಮರೆವಿನಷ್ಟು ಸ್ಪಷ್ಟವಾಗಿ ಅದನ್ನು ಯಾವ ಪ್ರಸಂಗವೂ ನನಗೆ ಹೇಳಿಲ್ಲ.

ಇದನ್ನು ಬರೆಯುವಾಗ ಒಂದು ಮುಳ್ಳು ಚುಚ್ಚುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೈಸ್ಕೂಲಿನಲ್ಲಿ ಜಗಳವಾದಾಗ ಒಬ್ಬ ಹುಡುಗಿ ನನ್ನನ್ನು "ಗಂಜಿಗೆ ಸೇರಿದೋರು" ಎಂದಳು. ಅಳುತ್ತಾ ಮನೆಗೆ ಬಂದೆ. ಅಜ್ಜಿ ಕಡ್ಲೆಕಾಯಿ ಬಿಡಿಸುತ್ತಾ, "ಹೌದಲ್ಲ, ಗಂಜಿಗೇ ಸೇರಿದ್ದು. ಸೇರದಿದ್ದರೆ ನೀನೆಲ್ಲಿ, ನಾನೆಲ್ಲಿ?" ಎಂದಳು. ಆ ಉತ್ತರ ಆಗ ನನಗೆ ಸಾಲಲಿಲ್ಲ. ಈಗಲೂ ಪೂರ್ತಿ ಸಾಲುವುದಿಲ್ಲ. ಏಕೆಂದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ: ಗೇಟಿನ ಒಳಗೆ ಗಂಟೆ ಹೊಡೆಸಿದ ದೇವರು ಕೆರೆ ಏರಿಯ ಮೇಲಿದ್ದ ತಮ್ಮನನ್ನು ಏಕೆ ನೋಡಲಿಲ್ಲ? ಆ ತಾಯಿಯೂ ತನಗೆ ತಿಳಿದ ದೇವರನ್ನು ದಾರಿಯುದ್ದಕ್ಕೂ ಕರೆದಿರಲಿಲ್ಲವೇ? ಅವಳ ಮೊರೆಯೇನು ಕಡಿಮೆಯದಾಗಿತ್ತೇ? ದೇವರು ನಮ್ಮನ್ನು ಉಳಿಸಿದ ಎಂದು ಸಾಕ್ಷಿ ಹೇಳುವಾಗಲೆಲ್ಲ, ಉಳಿಯದವರ ಮುಖ ನೋಡದೆ ಹೇಳಲು ನನಗೆ ಬರುವುದಿಲ್ಲ. ಮುತ್ತಜ್ಜಿ ಮಾತ್ರ ಸಾಯುವವರೆಗೆ ಊಟಕ್ಕೆ ಮೊದಲು ತಮ್ಮನ ಹೆಸರಿನಲ್ಲಿ ಒಂದು ತುತ್ತು ಪಕ್ಕಕ್ಕಿಡುತ್ತಿದ್ದಳಂತೆ. ಸಭಾಪಾಲಕರೊಬ್ಬರು ಅದು ಹಳೆಯ ಪದ್ಧತಿ, ಬಿಡಬೇಕು ಎಂದಾಗ ಅವಳು ಕೈಯನ್ನು ಸ್ವಲ್ಪ ಮರೆಮಾಡಿಕೊಂಡು ಇಟ್ಟಳು.

ಮಿಸ್ ಆನ್‌ಸ್ಟಿಯ ಕಥೆಗೆ ಮರಳುತ್ತೇನೆ. ನನಗೆ ಅವರ ಬದುಕಿನಲ್ಲಿ 1877ಕ್ಕಿಂತ 1890 ದೊಡ್ಡದೆನಿಸುತ್ತದೆ. ಆ ವರ್ಷ ಅವರು ಮಕ್ಕಳು, ಕಟ್ಟಡ, ನೆಲ ಸಮೇತ ಇಡೀ ಕೋಲಾರದ ಮಿಷನ್ನನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿದರು. ದೇವರನ್ನೇ ನೆಚ್ಚಿ ನಡೆಸುತ್ತೇನೆ ಎಂದವರು ಕೊನೆಗೆ ಒಂದು ಸಂಘಕ್ಕೆ ಕೊಟ್ಟುಬಿಟ್ಟರಲ್ಲ, ನಂಬಿಕೆ ಸೋತಿತೇ ಎಂದು ಹಿಂದೆ ನಾನೂ ಅಂದುಕೊಂಡಿದ್ದೆ. ಈಗ ಹಾಗೆನಿಸುವುದಿಲ್ಲ. ಕಟ್ಟಿದವರಿಗೆ ಕೀಲಿಕೈ ಬಿಡುವುದು ಎಷ್ಟು ಕಷ್ಟವೆಂದು ಸೊಸೆ ಬಂದ ಮನೆಯ ಅತ್ತೆಯರಿಗೆಲ್ಲ ಗೊತ್ತು. ಇದು ನನ್ನದು, ನಾನಿಲ್ಲದಿದ್ದರೆ ನಿಲ್ಲುವುದಿಲ್ಲ ಎಂದು ಹಿಡಿದು ಕೂತರೆ ಅದೂ ಒಂದು ಬಗೆಯಲ್ಲಿ ಚಾಪೆಯ ಕೆಳಗೆ ಮುಚ್ಚಿಟ್ಟಂತೆಯೇ. ಅವರು ಕೈ ಬಿಡಿಸಿಕೊಂಡರು. ಗಂಟೆ ಹೊಡೆಯುವುದು ನಿಲ್ಲಲಿಲ್ಲ.

ಅಷ್ಟೇ ಅಲ್ಲ, ಆ ಬಿಟ್ಟ ಕೈಯಿಂದಲೇ ಮುಂದಿನದು ಬೆಳೆಯಿತು. 1910ರಲ್ಲಿ ಕೋಲಾರದಲ್ಲಿ ಮೆಥೊಡಿಸ್ಟ್ ಮಹಿಳೆಯರ ಆಸ್ಪತ್ರೆ ಆರಂಭವಾಯಿತು, ಎಲೆನ್ ಥೋಬರ್ನ್ ಕೋವನ್ ಅವರ ನೆನಪಿಗೆ. ಇಂದಿಗೂ ನಮಗದು ಇ.ಟಿ.ಸಿ.ಎಂ. ಈ ಎಲೆನ್, ಲಖನೌನಲ್ಲಿ ಹೆಣ್ಣುಮಕ್ಕಳ ಕಾಲೇಜು ಕಟ್ಟಿದ ಇಸಬೆಲ್ಲಾ ಥೋಬರ್ನ್‌ರ ಅಕ್ಕತಂಗಿಯರಲ್ಲಿ ಒಬ್ಬರು. ಅಮೆರಿಕದ ಒಹಾಯೋದಲ್ಲಿ ಕೂತು ಚರ್ಚಿನ ಹೆಂಗಸರಿಂದ ಚಿಲ್ಲರೆ ಕಾಸು ಕೂಡಿಸುವ ಸಂಘದ ಕೆಲಸ ಮಾಡಿದವರು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯಿಂದ ಹೆರಿಗೆನೋವಿನವರನ್ನು ಎತ್ತಿನ ಗಾಡಿಯಲ್ಲಿ ಅಲ್ಲಿಗೆ ತರುತ್ತಿದ್ದರು. ಮಾಲೂರಿಗೆ ಸೊಸೆಯಾಗಿ ಹೋದ ನನ್ನ ಅಜ್ಜಿ ಎರಡು ಹೆರಿಗೆ ಮನೆಯಲ್ಲೇ ಮಾಡಿಕೊಂಡು ಒಂದು ಕೂಸನ್ನು ಕಳೆದುಕೊಂಡ ಮೇಲೆ ಮೂರನೆಯದಕ್ಕೆ ಅಲ್ಲಿಗೆ ಹೋದಳು. ಆ ಮೂರನೆಯದೇ ನನ್ನ ತಾಯಿ. ನಾನು ಹುಟ್ಟಿದ್ದೂ ಅಲ್ಲೇ.

ಇಷ್ಟೆಲ್ಲ ಕಥೆ ಕೇಳಿ ಬೆಳೆದವಳು ನಾನು. ಈಗ ನನ್ನ ಚಾಪೆಯ ವಿಷಯ ಹೇಳಬೇಕು.

2001ರಿಂದ ಮೂರು ವರ್ಷ ಸತತವಾಗಿ ಬರ ಬಿತ್ತು. ಶ್ರೀನಿವಾಸಪುರದ ಹತ್ತಿರ ನಮ್ಮದೊಂದು ಸಣ್ಣ ಮಾವಿನ ತೋಟ. ಬೋರ್‌ವೆಲ್ ಬತ್ತಿತು. ಎರಡನೆಯದನ್ನು ಕೊರೆಸಿದೆವು, ಬರೀ ಧೂಳು ಬಂತು. ಕೊರೆಯುವ ಲಾರಿಯ ಸದ್ದು ಕೇಳುತ್ತಾ ನಿಂತಿರುವುದು ಎಂಥದೆಂದು ನಮ್ಮ ಜಿಲ್ಲೆಯ ಹೆಂಗಸರಿಗೆ ಹೇಳಬೇಕಾಗಿಲ್ಲ. ಪ್ರತಿ ಅಡಿಗೂ ಒಂದು ಬಳೆ ಹೋದಂತೆ. ಮನೆಯವರು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಂತೆ ಹತ್ತು ಸಾವಿರ ಸಾಲ ತಂದರು.

ಆ ಹೊತ್ತಿನಲ್ಲಿ ನನ್ನ ಹತ್ತಿರ ಹನ್ನೆರಡು ಸಾವಿರ ರೂಪಾಯಿ ಇತ್ತು. ಶಾಲೆಯ ಸಂಬಳದಲ್ಲಿ ವರ್ಷಗಟ್ಟಲೆ ಉಳಿಸಿದ್ದು, ಯಾರಿಗೂ ಹೇಳದ್ದು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾಗಿ ಡ್ರಮ್ಮಿನ ತಳದಲ್ಲಿ ಇಟ್ಟಿದ್ದೆ. ಹೆಣ್ಣು ನಾಲ್ಕು ಕಾಸು ಕಾಪಾಡಿಕೊಳ್ಳುವುದು ತಪ್ಪೆಂದು ನಾನು ಎಂದೂ ಹೇಳುವುದಿಲ್ಲ. ನನ್ನ ತಪ್ಪು ಉಳಿಸಿದ್ದಲ್ಲ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ, ನೀನಲ್ಲದೆ ನಮಗೆ ಗತಿಯಿಲ್ಲ ಕರ್ತನೇ ಎಂದು ಗಟ್ಟಿಯಾಗಿ ಹೇಳುವವಳು ನಾನೇ. ಪಕ್ಕದಲ್ಲಿ ಮನೆಯವರು ತಲೆತಗ್ಗಿಸಿ ಆಮೆನ್ ಎನ್ನುತ್ತಿದ್ದರು. ಅವರು ಬಡ್ಡಿ ಕಟ್ಟಲು ಕೈಗಡಿಯಾರ ಮಾರಿದ ದಿನವೂ ಹಾಗೇ ಹೇಳಿದೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಡಿಗೆಗೆ ಅಕ್ಕಿ ಅಳೆಯುವಾಗ ದೇವರಿಗೆಂದು ಒಂದು ಹಿಡಿ ಎತ್ತಿಡುವುದು ನಮ್ಮಲ್ಲಿ ರೂಢಿ. ಭಾನುವಾರ ಅದು ಚರ್ಚಿಗೆ, ಅಲ್ಲಿಂದ ಇಲ್ಲದವರಿಗೆ. ಆ ವರ್ಷ ನನ್ನ ಹಿಡಿ ಮೊದಲು ಸಣ್ಣದಾಯಿತು, ಆಮೇಲೆ ನಿಂತಿತು.

ಬಚ್ಚಿಟ್ಟದ್ದು ನನ್ನನ್ನು ಕಾಯುತ್ತದೆ ಎಂದುಕೊಂಡಿದ್ದೆ. ನಾನೇ ಅದನ್ನು ಕಾಯುತ್ತಿದ್ದೆ. ನಡುರಾತ್ರಿ ಎದ್ದು ಡ್ರಮ್ಮಿನ ಮುಚ್ಚಳ ಮುಟ್ಟಿ ಬರುತ್ತಿದ್ದೆ. ಒಂದು ರಾತ್ರಿ ರಾಗಿಯೊಳಗೆ ಮೊಳಕೈಯವರೆಗೆ ಕೈಯಿಳಿಸಿ ಚೀಲ ತಡಕುತ್ತಿದ್ದಾಗ, ಕತ್ತಲಲ್ಲಿ ಚಾಪೆಯ ಕೆಳಗೆ ಕೈಯಾಡಿಸುವ ಏಳು ವರ್ಷದ ಹುಡುಗಿಯ ನೆನಪು ಬಂತು. ಅವಳು ತಮ್ಮನನ್ನು ಕಳೆದುಕೊಂಡು ಬಂದಿದ್ದವಳು. ಅವಳು ಮುದ್ದೆ ಇಟ್ಟದ್ದು ನ್ಯಾಯ. ನಲವತ್ತು ದಾಟಿದ ನಾನು, ಒಂದು ಹೊತ್ತೂ ಊಟ ತಪ್ಪದೆ ಬೆಳೆದವಳು.

ಮಳೆ 2005ರಲ್ಲಿ ಚೆನ್ನಾಗಿ ಬಂತು. ನಾನು ಮಾಡಿದ ಯಾವುದಕ್ಕೂ ಪ್ರತಿಫಲವಾಗಿ ಬಂದದ್ದಲ್ಲ. ಎಲ್ಲರ ತೋಟಕ್ಕೂ ಬಂತು. ಆ ಹೊತ್ತಿಗೆ ನಮ್ಮ ಮರಗಳಲ್ಲಿ ಅರ್ಧ ಒಣಗಿದ್ದವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಅದು ಪ್ರಾರ್ಥನೆಗೆ ಉತ್ತರವೋ ಅಲ್ಲವೋ ಎಂದು ನಮ್ಮ ಮಹಿಳಾ ಸಂಘದಲ್ಲಿ ಇನ್ನೂ ವಾದ ನಡೆಯುತ್ತದೆ.

ಆ ರಾತ್ರಿಯ ಮಾತು ಮುಗಿಸಬೇಕು. ಬೆಳಗಾಗುವವರೆಗೆ ಅಡಿಗೆಮನೆಯಲ್ಲೇ ಕೂತಿದ್ದೆ. ಮನೆಯವರು ಮುಖ ತೊಳೆದು ಬಂದಾಗ ಚೀಲವನ್ನು ಅವರ ಮುಂದಿಟ್ಟೆ. ಮೂರನೆಯ ಬೋರ್ ಬೇಡ, ಸಾಲ ತೀರಿಸಿಬಿಡಿ ಎಂದಷ್ಟೇ ಹೇಳಲು ಬಂತು. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ನೋಟುಗಳನ್ನು ಒಂದೊಂದಾಗಿ ಎಣಿಸಿದರು. ಎಣಿಸಿದಂತೆ ಬೆರಳಿಗೆ ರಾಗಿಯ ಧೂಳು ಹತ್ತಿತು. ನಮ್ಮ ಮನೆಯ ಮಾತು ಅವರಿಗೂ ಗೊತ್ತಿತ್ತು, ಆಡಬಹುದಾಗಿತ್ತು. ಆಡಲಿಲ್ಲ. "ಕಾಫಿಗೆ ಇಡು" ಎಂದರು. ಮಧ್ಯಾಹ್ನ ಅಕ್ಕಿ ಅಳೆದಾಗ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿದೆ. ಬಹಳ ದಿನದಿಂದ ಖಾಲಿಯಿದ್ದ ಡಬ್ಬಿ, ತಗಡಿನ ಮೇಲೆ ಕಾಳು ಬಿದ್ದ ಸದ್ದು ನಡುಮನೆಗೂ ಕೇಳಿಸಿತು.