ರಣಹದ್ದುಗಳನ್ನು ಕೊಂದ ನೋವಿನ ಮದ್ದು

ಮಂಡಿನೋವು, ಸೊಂಟನೋವುಗಳಿಗೆ ಮನುಷ್ಯರು 1970ರ ದಶಕದಿಂದ ಬಳಸುತ್ತ ಬಂದಿರುವ ಔಷಧ ಡೈಕ್ಲೋಫೆನಾಕ್. 1990ರ ದಶಕದಲ್ಲಿ ಇದು ಅಗ್ಗದ ದರದಲ್ಲಿ ಭಾರತದ ಪಶುವೈದ್ಯರ ಕೈಗೂ ಬಂದಿತು. ಕುಂಟುವ ಎತ್ತಿಗೆ, ಕೆಚ್ಚಲು ಬಾವಿನಿಂದ ನರಳುವ ಹಸುವಿಗೆ ಇದರ ಚುಚ್ಚುಮದ್ದು ಬೇಗನೆ ಉಪಶಮನ ನೀಡುತ್ತಿತ್ತು. ಅದೇ ದಶಕದಲ್ಲಿ ದೇಶದ ಆಕಾಶದಿಂದ ರಣಹದ್ದುಗಳು ಕಾಣೆಯಾಗತೊಡಗಿದವು.

ರಾಜಸ್ಥಾನದ ಭರತಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಈ ಕುಸಿತವನ್ನು ದಾಖಲಿಸಿದವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್. 1992ರಿಂದ 2007ರ ವೇಳೆಗೆ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇ 99.9ರಷ್ಟು ಇಳಿದಿತ್ತು. ಮೊದಲು ಸಂಶಯ ಹೋದದ್ದು ಸೋಂಕಿನ ಮೇಲೆ. ಆದರೆ ಪಾಕಿಸ್ತಾನದಲ್ಲಿ ಅಧ್ಯಯನ ನಡೆಸಿದ ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ, ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಹರಡಿತ್ತು. ಮೂತ್ರಪಿಂಡ ಕೈಕೊಟ್ಟಿದ್ದರ ಲಕ್ಷಣವದು. ಹಕ್ಕಿಗಳ ಆಹಾರವೆಲ್ಲ ಸತ್ತ ಜಾನುವಾರು. ಆದ್ದರಿಂದ ಆ ಜಾನುವಾರುಗಳಿಗೆ ನೀಡುವ ಔಷಧಗಳನ್ನೇ ತಂಡ ಜಾಲಾಡಿತು. ಕಾರಣ ಡೈಕ್ಲೋಫೆನಾಕ್ ಎಂಬ ವರದಿ 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನೂರು ಕಳೇಬರಗಳಲ್ಲಿ ಒಂದರಲ್ಲಿ ಮಾರಕ ಪ್ರಮಾಣದ ಮದ್ದು ಉಳಿದಿದ್ದರೂ ಸಂತತಿ ಕುಸಿಯಲು ಸಾಕು ಎಂದು ಲೆಕ್ಕಾಚಾರಗಳು ತೋರಿಸಿದವು.

2006ರಲ್ಲಿ ಭಾರತ ಈ ಮದ್ದಿನ ಪಶುಬಳಕೆಯನ್ನು ನಿಷೇಧಿಸಿತು. ಹಕ್ಕಿಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಬದಲಿಯಾಗಿ ಸಿಕ್ಕಿತ್ತು. ನಿಷೇಧ ಫಲ ಕೊಟ್ಟಿತೇ? ಉತ್ತರ ದೊರೆತದ್ದು ಸತ್ತ ದನಗಳ ಯಕೃತ್ತಿನ ಮಾದರಿಗಳಿಂದ. ನಿಷೇಧಕ್ಕೆ ಮೊದಲು ಶೇ 10ರಷ್ಟು ಮಾದರಿಗಳಲ್ಲಿ ಮದ್ದಿತ್ತು; 2007-08ರ ಹೊತ್ತಿಗೆ ಅದು ಸುಮಾರು ಶೇ 6.5ಕ್ಕೆ ಇಳಿದಿತ್ತು, ಅಷ್ಟೆ. ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದವು. ಆದಕಾರಣ 2015ರಲ್ಲಿ ಮನುಷ್ಯರ ಚುಚ್ಚುಮದ್ದಿನ ಸೀಸೆಯನ್ನು 3 ಮಿ.ಲೀ.ಗೆ ಸೀಮಿತಗೊಳಿಸಲಾಯಿತು. ದನದ ದೇಹದೊಳಗೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುವ ಅಸೆಕ್ಲೋಫೆನಾಕ್ ಹಾಗೂ ಕೀಟೊಪ್ರೊಫೆನ್‌ಗಳ ಪಶುಬಳಕೆ ನಿಂತದ್ದು 2023ರಲ್ಲಿ. ಹಕ್ಕಿ ಸತ್ತ ಮೇಲೆ ಮದ್ದನ್ನು ಪರೀಕ್ಷಿಸುವ ಈ ಕ್ರಮ ತಲೆಕೆಳಗಾದದ್ದೆಂದೇ ಹೇಳಬೇಕು.

ಹದ್ದುಗಳಿಲ್ಲದೆ ಕೊಳೆತ ಕಳೇಬರ, ಕಲುಷಿತ ನೀರು, ಬೀದಿನಾಯಿಗಳ ಹೆಚ್ಚಳ ಮನುಷ್ಯರನ್ನೂ ತಟ್ಟಿದವು. 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳಿಗೆ ಇದು ಕಾರಣವೆಂದು ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂದಾಜಿಸಿದ್ದಾರೆ.

ಕರ್ನಾಟಕದಲ್ಲಿ ಉದ್ದಕೊಕ್ಕಿನ ರಣಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ವನ್ಯಧಾಮವೆಂದು ಘೋಷಿಸಲಾಯಿತು. ಆದರೆ ಆಹಾರಕ್ಕಾಗಿ ಹತ್ತಾರು ಕಿಲೋಮೀಟರ್ ಹಾರುವ ಈ ಹಕ್ಕಿಯ ಅಳಿವು ಉಳಿವು ಬೆಟ್ಟದ ಬಂಡೆಗಳಿಗಿಂತ ಸುತ್ತಲ ಊರುಗಳ ದನದ ಕೊಟ್ಟಿಗೆಗಳಲ್ಲಿದೆ.